ಷರಾ ಕಲಮು

ಮಸೂದೆಗೆ ಸಹಿ ಬಿದ್ದ ದಿನ ರಾಜಧಾನಿಯಲ್ಲಿ
ಹನ್ನೊಂದು ಪೆನ್ನು ಬಳಸಿದರಂತೆ,
ಆಮೇಲೆ ನೆನಪಿಗೆಂದು ಹಂಚಿದರಂತೆ.
ಸರೋವರದ ದಂಡೆಯ ನಮ್ಮ ಕೌಂಟಿ ರಸ್ತೆ ಕಚೇರಿಗೆ
ಬಂದದ್ದು ತೊಂಬತ್ತನಾಲ್ಕು ಪುಟದ ಕೈಪಿಡಿ,
ಊರಿಗೆ ಬಂದದ್ದು ಗ್ಯಾಲನ್ನಿಗೆ ಮೂರು ಸೆಂಟು.

ಬೈದರು ಜನ. ಬೈಯುತ್ತಲೇ ತುಂಬಿಸಿದರು ಟ್ಯಾಂಕು.
ಹನಿ ಕೂಡಿ ಹಳ್ಳವಾದದ್ದು ನಿಜ;
ಹಳ್ಳ ಯಾವ ಕಡೆ ಹರಿಯಬೇಕೆಂಬುದು
ಕೈಪಿಡಿಯ ನಲವತ್ತೊಂದನೇ ಪುಟ:
ವಾರದಲ್ಲಿ ಹೆಚ್ಚು ಬಂಡಿ ಓಡಿದ ದಿನದ ಎಣಿಕೆ.
ನೂರು ಮುಟ್ಟದ ಸೇತುವೆಗೆ ಸೊನ್ನೆ ಅಂಕ.

ನಮ್ಮ ಬಾಬ್ತು ಆಟರ್ ತೊರೆಯ ಸೇತುವೆ.
ತೊಲೆಗೆ ತುಕ್ಕು, ಕಂಬಕ್ಕೆ ಬಿರುಕು.
ಮೂರು ಟನ್ನು ಮೀರಿದ್ದು ಬರಕೂಡದೆಂದು
ಫಲಕದ ಆದೇಶ ಟೈಪು ಮಾಡಿದವಳು ನಾನೇ.
ಅಂದಿನಿಂದ ಹಾಲಿನ ಲಾರಿ ಇಲ್ಲ, ಮರದ ಲಾರಿ ಇಲ್ಲ,
ಶಾಲೆಯ ಬಸ್ಸಿಗೆ ಹದಿನಾಲ್ಕು ಮೈಲಿ ಸುತ್ತು.
ಭಾರ ತಾಳದು, ಅದಕ್ಕೇ ಬಂಡಿ ಬಾರದು;
ಬಂಡಿ ಬಾರದು, ಅದಕ್ಕೇ ದುಡ್ಡು ಬಾರದು.
ಹುಚ್ಚು ಬಿಡುವ ತನಕ ಮದುವೆ ಇಲ್ಲ,
ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ.

ಅಕ್ಟೋಬರಿನಲ್ಲಿ ಕೊಳವೆ ಹಾಸಿದೆವು, ನಾನೂ ವೈನೋ ಕಂಗಾಸನೂ.
ರಸ್ತೆಗೆ ಅಡ್ಡ ಬಿದ್ದ ಕರಿ ರಬ್ಬರು,
ಗಾಲಿ ತುಳಿದರೆ ಉಸಿರು ಬಿಡುತ್ತದೆ,
ಎರಡು ಉಸಿರಿಗೆ ಪೆಟ್ಟಿಗೆಯಲ್ಲಿ ಒಂದು ಗೀಟು.
ಹೋದ ವರ್ಷ ಅರವತ್ತೊಂದು.
ಈ ಸೋಮವಾರ ತೊಂಬತ್ತೊಂಬತ್ತು.
ಮಂಗಳ, ಬುಧ, ಗುರು: ತೊಂಬತ್ತೇಳು, ತೊಂಬತ್ತೊಂಬತ್ತು, ತೊಂಬತ್ತೆಂಟು.
ರಾತ್ರಿ ಏಳೂವರೆಯಿಂದ ಎರಡೆರಡು ನಿಮಿಷಕ್ಕೊಂದು ಗೀಟು,
ದಿನಾ ಮೂವತ್ತೆಂಟು,
ಹೊಲಿಗೆ ಹಾಕಿದ ಹಾಗೆ.

ಶುಕ್ರವಾರ ದೀಪ ಆರಿಸಿ ದಡದಲ್ಲಿ ಕೂತೆ.
ನೀಲಿ ಬ್ಯೂಕು ಬಂತು, ಹೋಯಿತು, ಬಂತು.
ಸೈಮಿ ಕರ್ವೊನೆನ್. ಶಾಲೆಯ ಬಸ್ಸು ಓಡಿಸುವವಳು.
ಇಪ್ಪತ್ತೆರಡು ವರ್ಷದ ಹಿಂದೆ
ನನ್ನ ಮಗನನ್ನೂ ಹತ್ತಿಸಿಕೊಂಡವಳು.

ಇದೇನು ಆಟ, ಸೈಮಿ?

ಕಿಟಕಿ ಇಳಿಸಿದಳು. ಕಾಫಿಯ ವಾಸನೆ.
'ಬಸ್ಸಿನಲ್ಲಿ ಹತ್ತೊಂಬತ್ತು ಮಕ್ಕಳು.
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟಬೇಕಾದವರು.
ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಸಲ ದಾಟುತ್ತೇನೆ.
ಸುಳ್ಳು ಲೆಕ್ಕ ಅನ್ನುತ್ತೀಯಾ? ಅನ್ನು.
ಪೆಟ್ರೋಲು ನನ್ನದು, ಅದರ ಮೂರು ಸೆಂಟೂ ನನ್ನದೇ.'
ಆಮೇಲೆ,
'ಇನ್ನೂ ನಾಲ್ವರಿದ್ದಾರೆ, ಬಿಡು.
ಆ ಚಿಕ್ಕ ಹೆಲ್ಮಿ ಹಿಂದಿನ ಸೀಟಲ್ಲಿ ನಿದ್ದೆ ಹೋಗಿಬಿಡುತ್ತಾಳೆ,
ಸುತ್ತು ಮುಗಿಯುವುದರೊಳಗೆ.'
ಗೇರು ಹಾಕಿದಳು.

ಅವಳು ಹೋದ ಮೇಲೆ ಪೆಟ್ಟಿಗೆ ತೆರೆದು ಟಾರ್ಚು ಹಿಡಿದೆ.
ತೊಂಬತ್ತೊಂಬತ್ತು.
ಹನ್ನೆರಡಾಗಲು ಇಪ್ಪತ್ತು ನಿಮಿಷ.
ಈ ಹೊತ್ತಿನಲ್ಲಿ ಯಾರು ಬರುತ್ತಾರೆ ಇಲ್ಲಿ?
ತೊರೆಯ ಮೇಲೆ ತೆಳುವಾಗಿ ಮೊದಲ ಮಂಜುಗಡ್ಡೆ.
ನನ್ನ ಕಾರಿನ ಮೂತಿ ಸೇತುವೆಯ ಕಡೆಗೇ ಇತ್ತು.

ಇಪ್ಪತ್ತೇಳು ವರ್ಷ ಒಂದು ಅಂಕಿ ತಿದ್ದಿದವಳಲ್ಲ.
ತಿದ್ದಲೂ ಇಲ್ಲ. ದಾಟಿದೆ, ಅಷ್ಟೆ.
ಹಲಗೆ ಗಡಗಡ ಅಂದವು, ಕೊಳವೆ ಎರಡು ಸಲ ಉಸಿರು ಬಿಟ್ಟಿತು.
ಅದೇ ದಾರಿಯಲ್ಲಿ ತಿರುಗಿ ಬರಲು ಮುಖವಿಲ್ಲದೆ
ಬಸ್ಸಿನ ದಾರಿ ಹಿಡಿದೆ. ಹದಿನಾಲ್ಕು ಮೈಲಿ.
ಹದಿನಾಲ್ಕು ಅಂತ ಎಷ್ಟು ಸಲ ಟೈಪು ಮಾಡಿದ್ದೆ!
ಅದು ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಸೋಮವಾರ ನಮೂನೆ ತುಂಬಿದೆ.
ಗರಿಷ್ಠ ಎಣಿಕೆ: ನೂರು.
ಕೊನೆಯಲ್ಲೊಂದು ಷರಾ ಕಲಮು ಇರುತ್ತದೆ,
ಯಾರೂ ಬರೆಯದ, ಯಾರೂ ಓದದ ಎರಡು ಬೆರಳಗಲ ಜಾಗ.
ಅಕ್ಷರ ಸಣ್ಣದು ಮಾಡಿ ಬರೆದೆ:
'ಇದರಲ್ಲಿ ಮೂವತ್ತೆಂಟು ಒಬ್ಬಳವೇ. ಒಂದು ನನ್ನದು.
ಹತ್ತೊಂಬತ್ತು ಮಕ್ಕಳು ಈ ಸೇತುವೆ ದಾಟುತ್ತಿಲ್ಲ.
ಅವರನ್ನು ಯಾವ ಕಲಮಿನಲ್ಲಿ ಬರೆಯಬೇಕೋ
ಕೈಪಿಡಿಯಲ್ಲಿ ಸಿಗಲಿಲ್ಲ.'

ಹೆಸರು ಬರೆದೆ. ಸಹಿ ಹಾಕಿದೆ.
ಒಂದೇ ಪೆನ್ನಿನಲ್ಲಿ.